ಮಬ್ಬಾದ ಆರಿದ್ರಾ

"ಎರಡು ಕೊಂಡಿ ತಪ್ಪ್ಯಾವ," ಎಂದು ಮಹಾದೇವಪ್ಪ ಮಗ್ಗದ ಸೀರೆಯ ಸೆರಗನ್ನು ಹೆಂಡತಿ ಶಂಕ್ರವ್ವನ ಮುಂದೆ ಚಾಚಿದ. "ನಿನ್ನ ಕಣ್ಣು ಹೊಂಟಾವ. ನಾಳಿಂದ ಸಣ್ಣವ್ವ ಹಾಕ್ಲಿ." ಹೇಳಿದವನೇ ಸೆರಗಿನ ನೂಲಿನ ಕಟ್ಟನ್ನು ಸೊಸೆ ಸಣ್ಣವ್ವನ ಚಾಪೆಯ ಮೇಲಿಟ್ಟ.

ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುವುದನ್ನು ಶಂಕ್ರವ್ವ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ಯಾರ ಕೈಗೂ ಬಿಟ್ಟಿರಲಿಲ್ಲ. ಒಲೆಯ ಮುಂದಿದ್ದ ಸಣ್ಣವ್ವ ತಲೆ ಎತ್ತಲಿಲ್ಲ.

"ಮಾಸ್ತರ್ರು ಚಿಕ್ಕಿ ನೋಡಾಕ ಕಾಯ್ತಿರ್ತಾರ," ಎಂದು ಶಂಕ್ರವ್ವ ಎದ್ದಳು.

"ನಡಿ, ನಾನೂ ಬರ್ತೀನಿ. ನಿನ್ನ ಕಣ್ಣು ಹೆಂಗೈತಿ ಅನ್ನೂದು ಅಲ್ಲೇ ಗೊತ್ತಾಗ್ಲಿ."

ಗುರುಸಂಗಪ್ಪ ಮಾಸ್ತರರ ಕಣ್ಣಿಗೆ ಪೊರೆ ಬಂದು ಆರು ವರ್ಷ. ಕೆಂಪು ಚಿಕ್ಕಿ, ಆರಿದ್ರಾ ನಕ್ಷತ್ರ, ಎಷ್ಟು ಹೊಳೆಯುತ್ತದೆಂದು ಚಳಿಗಾಲದ ಪ್ರತಿ ಸಂಜೆ ಬರೆದಿಟ್ಟು ದೂರದ ವೀಕ್ಷಣಾಲಯಕ್ಕೆ ಕಳಿಸುವುದನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಬರೆಯುವ ಕೈ ಅವರದು, ನೋಡುವ ಕಣ್ಣು ಶಂಕ್ರವ್ವನದು. ಮೊದಲ ದಿನವೇ ಅವಳು ಮಗ್ಗದ ಮೇಲೆ ಕೈಯಿಟ್ಟು, ಕಂಡದ್ದನ್ನೇ ಹೇಳುತ್ತೇನೆಂದು ತಾಯಿ ಬನಶಂಕರಿಯ ಆಣೆ ಮಾಡಿದ್ದಳು.

"ಅದು ಭಾಳ ಉಬ್ಬಿದ ಚಿಕ್ಕಿ," ಎನ್ನುತ್ತಿದ್ದರು ಮಾಸ್ತರರು. "ಬಣ್ಣದ ಹಂಡೆ ಕುದ್ದಂಗ ಅದರ ಮೈಸುತ್ತ ಹಬೆ ಏಳತದಂತ. ಆ ಹಬೀ ಒಳಗಿಂದನ ನಾವು ಅದನ್ನ ನೋಡೂದು."

ಈ ಚಳಿಗಾಲದ ಮೊದಲ ನೋಟ ಇಂದೇ. ಆರಿದ್ರಾ, ಅದಕ್ಕೆ ಹೋಲಿಸಿ ನೋಡುವ ರೋಹಿಣಿ (ಓಣಿಯವರ ಬಾಯಲ್ಲಿ ರೋಣಿ), ಎರಡೂ ಚಿಕ್ಕಿ ನೆತ್ತಿಯ ಹತ್ತಿರವೇ ಇದ್ದವು. ಮಹಾದೇವಪ್ಪ ಮಾಸ್ತರರ ಮನೆಯ ಕಟ್ಟೆಯ ಮೇಲೆ ಕೂತು ತಾನೇ ಕೇಳಿದ: "ಹೇಳು. ರೋಣಿ ಹೆಚ್ಚೋ, ಆರಿದ್ರಾ ಹೆಚ್ಚೋ?"

ಆರು ವರ್ಷದ ವಹಿಯ ತುಂಬ ಒಂದೇ ಉತ್ತರವಿತ್ತು, ಆರಿದ್ರಾ. ಓಣಿಗೆಲ್ಲ ಅದು ಬಾಯಿಪಾಠ.

ಶಂಕ್ರವ್ವ ನೋಡಿದಳು. ರೋಹಿಣಿ ಸೂಜಿಮೊನೆಯಷ್ಟು ಚೂಪಾಗಿತ್ತು. ಆರಿದ್ರಾ ಹಳೆಯ ಸೀರೆಯಂತೆ ಮಾಸಿತ್ತು. ಕಣ್ಣು ಮುಚ್ಚಿ ಮತ್ತೆ ತೆರೆದಳು. ಆರಿದ್ರಾ ಎಂದು ಒಂದು ಮಾತು ಅಂದರೆ ಸಾಕು, ಕೊಂಡಿ ತನ್ನ ಕೈಯಲ್ಲೇ ಉಳಿಯುತ್ತದೆ. ಬೆರಳುಗಳು ಸೆರಗಿನ ಅಂಚನ್ನು ಹೊಸೆಯತೊಡಗಿದವು.

"ರೋಣಿ," ಎಂದಳು.

ಮಹಾದೇವಪ್ಪ ನಕ್ಕ. "ಕೇಳಿದ್ರ್ಯಾ ಮಾಸ್ತರ್ರ? ನಿಮ್ಮ ಕಣ್ಣೂ ಹೋತು, ನಮ್ಮನಿ ಕಣ್ಣೂ ಹೋತು."

ಮಾಸ್ತರರ ಪೆನ್ನು ಕಾಗದದ ಮೇಲೇ ನಿಂತಿತು. "ಇನ್ನೊಮ್ಮೆ ನೋಡವಾ. ಇದು ಸುಳ್ಳಾದ್ರ ಆರು ವರ್ಷದ್ದೂ ಯಾರೂ ನಂಬೂದಿಲ್ಲ."

"ನೋಡೀನ್ರಿ. ಬರಕೊಳ್ರಿ."

ಅವರು ಬರೆದರು. ಗಂಡ ಹೆಂಡತಿ ಮನೆಗೆ ನಡೆದರು.

ಸಣ್ಣವ್ವ ಅಂಗಳದಲ್ಲಿ ಕೊಡ ಇಳಿಸಿ, ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡುತ್ತಿದ್ದಳು.

"ಅತ್ತಿ, ಆ ಕೆಂಪ ಚಿಕ್ಕಿಗೆ ಏನಾಗೇತ್ರಿ? ಬಣ್ಣ ಬಿಟ್ಟ ನೂಲಿನಂಗ ಕಾಣತೈತಿ."

ಮಹಾದೇವಪ್ಪ ಕತ್ತೆತ್ತಿ ಬಹಳ ಹೊತ್ತು ನಿಂತ. ಅವನ ರುಮಾಲು ಹಿಂದಕ್ಕೆ ಜಾರಿತು. ಆಮೇಲೆ ಒಳಗೆ ಹೋಗಿ ಸೊಸೆಯ ಚಾಪೆಯ ಮೇಲಿದ್ದ ನೂಲಿನ ಕಟ್ಟನ್ನು ಎತ್ತಿದ. ಅದನ್ನು ಶಂಕ್ರವ್ವನ ಮಣೆಯ ಪಕ್ಕದಲ್ಲಿಟ್ಟು, ಕಂದೀಲನ್ನು ಅತ್ತ ಸರಿಸಿ, ಬತ್ತಿಯನ್ನು ಒಂದಿಷ್ಟು ಏರಿಸಿದ.