ಬೊಬ್ರುವಾಡದ ಆಯ್ತವಾರಗಳು

“ತಡೀರಿ, ಎತ್ತಬೇಡಿ,” ಎಂದು ಮಾದು ಕೈ ಅಡ್ಡ ಹಿಡಿದ.

ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ್ದವರು ಹಾಗೆಯೇ ನಿಂತರು. ಸತ್ತ ಶಿವಾನಂದನ ದೊಡ್ಡಪ್ಪನ ಮಗನಾದ ಆ ಮುದುಕ ಅಂಗಳ ದಾಟಿ, ಹಲಸಿನ ಮರದ ಹಿಂದೆ ನಿಂತಿದ್ದವನ ಹತ್ತಿರ ಬಂದು ಮುಖವನ್ನೇ ದಿಟ್ಟಿಸಿದ.

“ನೀವು ಕಾರವಾರದ ತುಳಸಿದಾಸ ಅಲ್ಲ?”

ತುಳಸಿದಾಸ ಹೌದೆಂದು ತಲೆಯಾಡಿಸಿದ. ಹಿಂದೆಯೇ ನಿಂತು, ಹೆಣ ದಾರಿಗೆ ಬಿದ್ದಾಗ ಒಂದು ಹಿಡಿ ಹೂವು ಹಾಕಿ, ಯಾರ ಕಣ್ಣಿಗೂ ಬೀಳದೆ ಬಸ್ಸು ಹತ್ತುವುದು ಅವನ ಲೆಕ್ಕವಾಗಿತ್ತು. ಬೆಳಿಗ್ಗೆ ಕದ್ರಾದಿಂದ ಶಾಲೆಯ ಗೆಳೆಯ ರಾಮನಾಥ ಅವನ ಮೊಬೈಲಿಗೆ ಫೋನು ಮಾಡಿದ್ದ. ಶಿವಾನಂದ ಗದ್ದೆಯ ಅಂಚಿನಲ್ಲಿ ಎದೆ ಹಿಡಿದುಕೊಂಡು ಕುಸಿದನಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ತನಗೆ ಪವರ್ ಹೌಸಿನ ಪಾಳಿ ಬಿಟ್ಟು ಬರಲಾಗದು, ನೀನಾದರೂ ಹೋಗು ಎಂದು ರಾಮನಾಥ ಅಂಗಲಾಚಿದ್ದ.

ಮಾದು ಅವನ ಕೈ ಹಿಡಿದು ಜನರ ನಡುವೆ ನಡೆಸಿಕೊಂಡು ಬಂದ. “ಇವ್ರೇಯ. ನಮ್ಮ ಶಿವಾನಂದ ಅಳಿವೆಯಲ್ಲಿ ಮುಳುಗಿದಾಗ ಜುಟ್ಟು ಹಿಡ್ದು ಎಳ್ದು ಹಾಕ್ದವ್ರು. ಮುಂದಿನ ಹೆಗಲು ಇವ್ರದ್ದು.”

ಜನ ದಾರಿ ಬಿಟ್ಟರು. ಬಾಗಿಲಲ್ಲಿ ಗುಂಪಾಗಿದ್ದ ಹೆಂಗಸರು ಅಳು ನಿಲ್ಲಿಸಿ ಅವನನ್ನು ನೋಡಿದರು. ಅಲ್ಲ, ಹಾಗಲ್ಲ ಎನ್ನಲು ತುಳಸಿದಾಸ ಬಾಯಿ ತೆರೆಯುವಷ್ಟರಲ್ಲಿ ಬಿದಿರು ಅವನ ಹೆಗಲಿಗೆ ಬಂದಿತ್ತು.

*

ಆಗ ಅವರು ಕಾರವಾರದಲ್ಲಿ ಹೈಸ್ಕೂಲು ಓದುತ್ತಿದ್ದರು. ಶಿವಾನಂದ ಸೋದರಮಾವನ ಮನೆಯಲ್ಲಿ ಉಳಿದು ಓದುತ್ತಿದ್ದ. ಶನಿವಾರ ಮಧ್ಯಾಹ್ನ ಗಂಟೆ ಹೊಡೆದದ್ದೇ ತಡ, ತುಳಸಿದಾಸನನ್ನೂ ರಾಮನಾಥನನ್ನೂ ಕಟ್ಟಿಕೊಂಡು ಅಂಕೋಲೆಯ ಬಸ್ಸಿಗೆ ಓಡುತ್ತಿದ್ದ. ತುಳಸಿದಾಸನ ಅವ್ವ ಚೀಲದಲ್ಲಿ ಬಂಗಡೆ ಕಟ್ಟಿ ಕೊಡುತ್ತಿದ್ದಳು. ವಾಸನೆಗೆ ಮೂಗು ಮುಚ್ಚಿಕೊಂಡ ಕಂಡಕ್ಟರ್ ಮೂವರನ್ನೂ ಹಿಂದಿನ ಸೀಟಿಗೆ ಅಟ್ಟುತ್ತಿದ್ದ. ಅಲ್ಲಿ ಬಸ್ಸು ಎತ್ತಿ ಎತ್ತಿ ಹಾಕುವುದೇ ಅವರಿಗೆ ಹಬ್ಬ.

ಶಿವಾನಂದನ ಊರು ಬೊಬ್ರುವಾಡದಲ್ಲಿ ಅವನ ಅವ್ವ ಆ ಬಂಗಡೆಗೆ ಉಪ್ಪು ಖಾರ ಹಚ್ಚಿ ಕೆಂಡದಲ್ಲಿ ಸುಟ್ಟು ಗಂಜಿಯ ಜೊತೆ ಬಡಿಸುತ್ತಿದ್ದಳು. ಮೂವರೂ ಅಂಗಳದಲ್ಲಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ಮರುದಿನ ಶೇಂಗಾದ ಗದ್ದೆ, ಏಡಿಯ ಬಿಲ, ಬೇಸಗೆಯಾದರೆ ಕರಿ ಇಶಾಡು ಮಾವಿನ ಮರ. ಹಣ್ಣಿನ ರಸ ಮೊಣಕೈವರೆಗೆ ಇಳಿದು, ಸೋಮವಾರ ಶಾಲೆಯಲ್ಲಿ ಬರೆಯುವ ಪಟ್ಟಿಗೂ ಅದೇ ಪರಿಮಳ. ತನ್ನ ಮನೆಯಲ್ಲಿ ತುಳಸಿದಾಸ ಅಷ್ಟು ನಕ್ಕದ್ದಿಲ್ಲ. ಮಗ ಓದಿ ನೌಕರಿ ಹಿಡಿಯಬೇಕು, ದೋಣಿ ಹತ್ತಕೂಡದು ಎಂದು ಅಪ್ಪ ಅವನನ್ನು ನೀರಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಹತ್ತನೇ ಇಯತ್ತೆಯ ಕೊನೆಯ ಒಂದು ಆಯ್ತವಾರ, ರಾಮನಾಥ ಜ್ವರದಿಂದ ಬಂದಿರಲಿಲ್ಲ. ಇಳಿತದ ಹೊತ್ತಿನಲ್ಲಿ ಅಳಿವೆ ದಾಟಿ ಆಚೆ ದಂಡೆಗೆ ಹೋಗೋಣವೆಂದು ಇಬ್ಬರೂ ಇಳಿದರು. ನಡುವಿನಲ್ಲಿ ಕಾಲಡಿಯ ಮರಳು ಜಾರಿತು. ಸೆಳೆತ ಎಳೆದೊಯ್ದದ್ದು ತುಳಸಿದಾಸನನ್ನು. ಬೇಸಾಯಗಾರರ ಹುಡುಗ ಈಜಿ ಬಂದು ಕೂದಲಿಗೆ ಕೈ ಹಾಕಿ, ಸಮುದ್ರದ ಮೇಲೆಯೇ ಬದುಕುವವರ ಹುಡುಗನನ್ನು ದಡಕ್ಕೆಳೆದ.

ನೀರು ಕಾರಿ ಕಣ್ಣು ಬಿಟ್ಟಾಗ ಶಿವಾನಂದ ಅವನ ಬೆನ್ನು ತಿಕ್ಕುತ್ತಿದ್ದ. ಯಾರಿಗೂ ಹೇಳುವುದಿಲ್ಲ ಎಂದ. ಆದರೆ ದೂರದಲ್ಲಿ ಯಾರೋ ಕೂಗುತ್ತ ಇತ್ತಲೇ ಓಡಿ ಬರುತ್ತಿದ್ದರು. ತುಳಸಿದಾಸ ಒದ್ದೆ ಬಟ್ಟೆಯಲ್ಲೇ ಎದ್ದು ಬಸ್ಸಿನ ದಾರಿ ಹಿಡಿದ. ಮತ್ತೆ ಬೊಬ್ರುವಾಡಕ್ಕೆ ಹೋಗಲಿಲ್ಲ. ಮೀನುಗಾರರ ಕುಲದ ದರ್ಯಾವರ್ದಿ ಹುಡುಗ ಮೊಣಕಾಲು ನೀರಲ್ಲಿ ಮುಳುಗಿದನೆಂದು ಆ ಊರು ನಗುತ್ತಿರುವುದು ಅವನಿಗೆ ಕಾರವಾರದಲ್ಲಿ ಕೇಳಿಸುತ್ತಿತ್ತು.

ಮುಂದೆ ನೌಕರಿಯೇನೂ ಸಿಗಲಿಲ್ಲ. ಟೆಂಪೋ ಕೊಂಡು ಮೀನಿನ ವ್ಯಾಪಾರ ಹಿಡಿದ. ದೋಣಿ ಮಾತ್ರ ಹತ್ತಲಿಲ್ಲ. ಎಷ್ಟೋ ವರ್ಷದ ಮೇಲೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಶಿವಾನಂದ ಸಿಕ್ಕಿ, ಕೈ ಬಿಡದೆ, “ಒಂದ್ ಆಯ್ತವಾರ ಬಾರೋ” ಎಂದಿದ್ದ. ಬರ್ತೆ ಎಂದು ತುಳಸಿದಾಸ ಕೈ ಬಿಡಿಸಿಕೊಂಡಿದ್ದ.

*

ಹೆಣ ಸುಟ್ಟು ಬಂದವರು ಮಿಂದು ಒಬ್ಬೊಬ್ಬರಾಗಿ ಚದುರಿದರು. ತುಳಸಿದಾಸನಿಗೆ ಹೋಗಲು ಮನಸ್ಸಾಗಲಿಲ್ಲ. ಶಿವಾನಂದನ ಮಗಳು ಅಮಿತಾ ನೆರೆಮನೆಯಿಂದ ಬಂದ ಚಹಾ ತಂದುಕೊಟ್ಟು ಎದುರಿಗೇ ಕುಳಿತಳು. ಅತ್ತು ಅತ್ತು ಅವಳ ದನಿ ಬಿದ್ದು ಹೋಗಿತ್ತು. ಅಪ್ಪ ತಮಗೆ ಈಜು ಕಲಿಸುವಾಗಲೆಲ್ಲ ಆ ಕತೆ ಹೇಳುತ್ತಿದ್ದನಂತೆ. ಕಾರವಾರದ ಕಾಕಾ ಇರದಿದ್ದರೆ ತಾನೂ ಇಲ್ಲ, ನೀವೂ ಇಲ್ಲ ಎನ್ನುತ್ತಿದ್ದನಂತೆ.

“ಕಾಕಾ, ನಿಮ್ಮ ಬಾಯಲ್ಲೇ ಒಂದ್ಸಲ ಕೇಳ್ಬೇಕು,” ಎಂದಳು.

ಗೋಡೆಗೊರಗಿ ಕುಳಿತಿದ್ದ ಶಿವಾನಂದನ ಹೆಂಡತಿ ಜಯಶ್ರೀ ಆಗ ಮೊದಲ ಬಾರಿಗೆ ಬಾಯಿ ಬಿಟ್ಟು, ದೀಪಕ್ಕೆ ಎಣ್ಣೆ ಹಾಕು ಎಂದು ಮಗಳನ್ನು ಒಳಗೆ ಕಳಿಸಿದಳು.

“ವೈನಿ, ಅದು ಹಾಗಲ್ಲ,” ಎಂದ ತುಳಸಿದಾಸ. “ಮುಳುಗಿದವ್ನು ನಾನು.”

“ನಂಗೆ ಗೊತ್ತದೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಮದ್ವೆಯಾದ ವರ್ಷವೇ ಹೇಳಿದ್ರು. ಓಡಿ ಬಂದವ್ರಿಗೆ ಅಲ್ಲೇ ತಿರುಗಿಸಿ ಹೇಳಿದ್ರಂತೆ, ಮುಳುಗಿದ್ದು ತಾನು, ಎಳ್ದು ಹಾಕ್ದವ್ರು ನೀವು ಅಂತ. ನಿಜ ಹೇಳಿದ್ರೆ ಅವ ಮತ್ತೆ ಈ ಊರಿಗೆ ಬರೂಕೆ ನಾಚ್ಕಂತಾನೆ, ಈಗ ಹೆದರಿಕೆಯಿಲ್ಲ, ಬರ್ತಾನೆ ಅಂತಿದ್ರು. ಇಶಾಡಿನ ಕಾಲ ಬಂತು ಅಂದ್ರೆ ಅದೇ ಮಾತು,” ಎಂದಳು.

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ತುಳಸಿದಾಸನಿಗೆ. ನಗುವವರು ಯಾರೂ ಇಲ್ಲದ ಊರಿಗೆ ಹೆದರಿ ಅವನು ಮುದುಕನಾಗಿದ್ದ.

ಅಮಿತಾ ಹೊರಗೆ ಬಂದಾಗ, ಕತೆ ಹೇಳಲು ಇನ್ನೊಮ್ಮೆ ಬರುತ್ತೇನೆ ಎಂದ. ಬರುತ್ತೇನೆ ಎಂದದ್ದು ತನ್ನ ಕಿವಿಗೇ ಬಿದ್ದು ತಲೆ ತಗ್ಗಿಸಿ ಅಂಗಳ ಇಳಿದ.

ಬಸ್ಸಿಗೆ ಗದ್ದೆಯ ಒಡ್ಡಿನ ಮೇಲೇ ಹತ್ತಿರದ ದಾರಿ. ಸಂಜೆಯ ಬಿಸಿಲು ಇಳಿದಿತ್ತು. ಹಳ್ಳದಲ್ಲಿ ಉಬ್ಬರ ಏರುತ್ತಿತ್ತು. ಒಡ್ಡಿನ ನಡುವೆ ಉಪ್ಪು ನೀರು ತಡೆಯುವ ಹಲಗೆ ಬಾಗಿಲು ಅರ್ಧ ಮೇಲೆಯೇ ನಿಂತಿತ್ತು. ದಿನಾ ಅದನ್ನು ಇಳಿಸುತ್ತಿದ್ದವನು ಯಾರೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ನೀರು ಸದ್ದಿಲ್ಲದೆ ಒಳಗೆ ನುಗ್ಗಿ, ತೆನೆ ಬಿಡಲು ಹೊಡೆ ತುಂಬಿದ ಭತ್ತದ ಬುಡಗಳನ್ನು ಸುತ್ತುತ್ತಿತ್ತು.

ಅವನು ಮನೆಯತ್ತ ತಿರುಗಿ ಕೂಗಿದ. ಅಷ್ಟು ದೂರ ಕೇಳಲಿಲ್ಲ. ಮೇಲಿನಿಂದ ಕಾಲಲ್ಲಿ ಒತ್ತಿದರೂ ಹಲಗೆ ಅಲುಗಲಿಲ್ಲ, ಅಡಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ತುಳಸಿದಾಸ ಚಪ್ಪಲಿ ಬಿಟ್ಟು ಬಾಗಿಲ ಬುಡದ ಗುಂಡಿಗೆ ಇಳಿದ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಕಣ್ಣು ಮುಚ್ಚಿ ಬಗ್ಗಿ, ತಡಕಾಡಿ ಒಂದು ಕೊಂಬೆ ಎಳೆದು ತೆಗೆದ. ಹಲಗೆಯನ್ನು ಎರಡೂ ಕೈಯಲ್ಲಿ ಅದುಮಿದ. ಅದು ತಡೆದು ತಡೆದು ಇಳಿದು ನೆಲ ಕಚ್ಚಿತು.

ಆಮೇಲೂ ಅವನು ಕೈ ತೆಗೆಯಲಿಲ್ಲ. ಹಲಗೆಯ ಆಚೆಯಿಂದ ಸಮುದ್ರ ಒತ್ತುತ್ತಿತ್ತು. ಈಚೆ, ಒಳಗೆ ಬಂದುಬಿಟ್ಟಿದ್ದ ನೀರಿನಲ್ಲಿ ಶಿವಾನಂದನ ಪೈರು ಮೆಲ್ಲಗೆ ತೂಗುತ್ತಿತ್ತು.