ಸಂದು ಮುಚ್ಚಿದ ಮನೆಗಳು

ನಾಗಶ್ರೀ ಊದುಬತ್ತಿ ಹಚ್ಚಿಕೊಂಡು ಬಂಗಲೆಯನ್ನೆಲ್ಲ ಸುತ್ತುವುದನ್ನು ಕಂಡು ಕೆಲಸದವರು ಮೊದಮೊದಲು ಯಾವುದೋ ಹೊಸ ಪೂಜೆ ಎಂದುಕೊಂಡಿದ್ದರು. ಅವಳು ಹುಡುಕುತ್ತಿದ್ದದ್ದು ಗಾಳಿಯನ್ನು. ಕಿಟಕಿ ಬಾಗಿಲುಗಳ ಬಳಿ ಊದುಬತ್ತಿಯ ಹೊಗೆ ಎಲ್ಲಿ ವಾಲುತ್ತದೋ ಅಲ್ಲೊಂದು ಸಂದಿದೆ ಎಂದು ಅರ್ಥ. ಅಲ್ಲಿ ಸೀಮೆಸುಣ್ಣದಿಂದ ಗೀಟು ಹಾಕುವಳು. ಹಿಂದೆಯೇ ಗಾರೆ ಕೆಲಸದ ಮಂಜಯ್ಯ ಬಂದು ಮುಚ್ಚುವನು.

ಮಲ್ಲಂದೂರಿನಾಚೆಯ ಆ ಎಸ್ಟೇಟಿಗೆ ಅವಳು ಸೊಸೆಯಾಗಿ ಬಂದಾಗ ತೋಟ ಗಂಡ ವಿಶ್ವನಾಥನದಾಗಿತ್ತು, ಆಳುಗಳು ಲೆಕ್ಕ ಬರೆಯುವ ರೈಟರ ಕೈಯಲ್ಲಿದ್ದರು, ಅಡಿಗೆಮನೆ ಅತ್ತೆಯದಾಗಿತ್ತು. ಅತ್ತೆ ತೀರಿಕೊಂಡ ಮೇಲೆ ಬಂಗಲೆಯ ಅರ್ಧವನ್ನು ಹೋಂಸ್ಟೇ ಮಾಡಿದಾಗಲೇ ನನ್ನದು ಅನ್ನುವಂಥದ್ದೊಂದು ಅವಳಿಗೆ ಸಿಕ್ಕಿದ್ದು. ಹೊರದೇಶದ ಪ್ರವಾಸಿಗರನ್ನು ಕಳಿಸುವ ಸಂಸ್ಥೆಯೊಂದು ಕರೆಂಟನ್ನು ಹಿಡಿತದಲ್ಲಿಟ್ಟ ಮನೆಗಳಿಗೆ ‘ಹಸಿರು ಮನೆ’ ಎಂಬ ಫಲಕ ಕೊಡುತ್ತದೆಂದು ತಿಳಿದಾಗ, ಸುತ್ತಮುತ್ತಲ ತೋಟಗಳಿಗಿಂತ ಮೊದಲು ಅದು ತನ್ನ ಗೇಟಿಗೇ ಬರಬೇಕೆಂದು ಹಟ ಹಿಡಿದಳು.

ಚಿಕ್ಕಮಗಳೂರಿನಿಂದ ಇಂಜಿನಿಯರ್ ಬಂದ. ಹಳೆಯ ಫ್ರಿಜ್ಜು ಹೋಯಿತು, ಬಲ್ಬುಗಳು ಬದಲಾದವು, ಮಾಡಿನ ಮೇಲೆ ಸೋಲಾರ್ ಕೂತಿತು, ಹೆಂಚಿನಡಿಯ ಸೀಲಿಂಗಿನ ಮೇಲೆ ತೆಂಗಿನ ನಾರನ್ನು ದಪ್ಪಗೆ ಹಾಸಿದರು. ಬೆಂಕಿಗೂಡಿದ್ದ ಹಜಾರಕ್ಕೂ ಹಂಡೆಯ ಒಲೆಯಿದ್ದ ಬಚ್ಚಲಿಗೂ ಮಾತ್ರ ಅವನು ಗೋಡೆ ಕೊರೆದು ಗಾಳಿಯ ಕೊಳವೆ ಕೂರಿಸಿದ.

“ಇದನ್ನ ಯಾವತ್ತೂ ಮುಚ್ಬೇಡಿ ಮೇಡಂ,” ಎಂದ. “ಸಂದೆಲ್ಲ ಮುಚ್ಚಿದ ಮನೇಲಿ ಕೆಂಡ ಇದ್ರೆ ಗಾಳಿ ವಿಷ ಆಗುತ್ತೆ. ವಾಸನೆ ಬರಲ್ಲ, ಕಣ್ಣುರಿ ಬರಲ್ಲ. ಮಲಗಿದೋರು ಏಳಲ್ಲ, ಅಷ್ಟೆ.”

ನಾಗಶ್ರೀ ತಲೆಯಾಡಿಸಿದಳು. ಕೊಳವೆಗೆ ಹಕ್ಕಿ ನುಗ್ಗದಂತೆ ತಾನೇ ನಿಂತು ಜಾಲರಿ ಹಾಕಿಸಿದಳು.

ಇಷ್ಟೆಲ್ಲ ಮಾಡಿದರೂ ಮೀಟರು ಮಾತ್ರ ಓಡುವುದು ನಿಲ್ಲಿಸಲಿಲ್ಲ. ಕಾಫಿ ಕಣದಾಚೆ ಆಳುಗಳ ಮನೆಗಳಿದ್ದ ಕೂಲಿಲೈನಿಗೂ ಅದೇ ಮೀಟರಿನಿಂದ ಕರೆಂಟು. ಲೈನಿನ ಪ್ರತಿ ಮನೆಯಲ್ಲೂ ಕರೆಂಟಿನ ಕಾಯಿಲ್ ಒಲೆ ಇತ್ತು; ಚಳಿಗಾಲದಲ್ಲಿ ಹಣ್ಣು ಕುಯ್ದು ಬಂದವರು ನೀರು ಕಾಯಿಸುವುದು, ಕೈ ಕಾಯಿಸುವುದು ಎಲ್ಲ ಅದರಲ್ಲೇ. ಒಂದು ಭಾನುವಾರ ನಾಗಶ್ರೀ ಮಂಜಯ್ಯನನ್ನು ಕರೆದುಕೊಂಡು ಹೋಗಿ ಅಷ್ಟನ್ನೂ ಗೋಣಿಚೀಲಕ್ಕೆ ತುಂಬಿಸಿದಳು.

“ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆಗಳೂ ನನ್ನ ಮನೆ ಥರಾನೇ ಬೆಚ್ಚಗಾಗ್ತವೆ, ನೋಡ್ತಿರಿ,” ಎಂದಳು.

ಹೇಳಿದಂತೆ ಮಾಡಿಸಿದಳು ಕೂಡ. ಮಾಡಿನ ಶೀಟಿಗೂ ಗೋಡೆಗೂ ನಡುವೆ ಕೈ ತೂರುವಷ್ಟಿದ್ದ ಸಂದಿಗೆ ಸಿಮೆಂಟು ಬಿತ್ತು. ಕಿಟಕಿಗಳಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿದರು. ಬಾಗಿಲ ಕೆಳಗೆ ರಬ್ಬರಿನ ಪಟ್ಟಿ ಹೊಡೆದರು. ಬಂಗಲೆಗೆ ತಂದ ಕೊಳವೆಗಳಲ್ಲಿ ಮಿಕ್ಕಿದ್ದು ಶೆಡ್ಡಿನಲ್ಲೇ ಬಿದ್ದಿತ್ತು. ಅದರ ನೆನಪು ಅವಳಿಗೆ ಬಾರದೆ ಇರಲಿಲ್ಲ. ಆದರೆ ಫಲಕದ ತಪಾಸಣೆಯವರು ಬರುವ ಮೊದಲು ಲೈನಿಗೆ ಬಣ್ಣ ಬಳಿದಾಗಬೇಕಿತ್ತು. ಗೋಡೆ ಕೊರೆಯುತ್ತ ಕೂತರೆ ಆದಂತೆಯೇ. ಹೇಗೂ ಇವರ ಸೌದೆ ಒಲೆ ಮನೆಯ ಹೊರಗೆ ಚಾಚಿದ ಮಾಡಿನಡಿಯೇ ಇದೆಯಲ್ಲ ಎಂದುಕೊಂಡು ಅವಳು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಬಂಗಲೆಯ ಅಡಿಗೆಗೆ ಬರುತ್ತಿದ್ದವಳು ಲೈನಿನ ಗಿಡ್ಡಮ್ಮ. ಎಸ್ಟೇಟಿನ ಟೆಂಪೊ ಓಡಿಸುವ ಮಲ್ಲೇಶ ಅವಳ ಮಗ. ಮಲ್ಲೇಶನ ಹೆಂಡತಿ ಸುಗುಣ ತಾಯಿಯಿಲ್ಲದ ಹುಡುಗಿ, ಹಾಗಾಗಿ ಚೊಚ್ಚಲ ಬಾಣಂತನ ಅತ್ತೆಯ ಪಾಲಿಗೇ ಬಂದಿತ್ತು. ಹೆಣ್ಣುಮಗು. ಆಸ್ಪತ್ರೆಯಿಂದ ಬಂದ ಮರುದಿನವೇ ಗಿಡ್ಡಮ್ಮ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಳು.

“ಅಮ್ಮಾವ್ರೇ, ನಮ್ಮ ಕಾಯಿಲ್ ಒಂದನ್ನ ಕೊಡ್ಸಿ. ಹುಡುಗಿ ಚಳೀಲಿ ಹಲ್ಲು ಕಡೀತಾಳೆ. ಬಾಣ್ತನ ಮುಗಿದ್ಕೂಡ್ಲೆ ತಂದು ಒಪ್ಪಿಸ್ತೀನಿ.”

“ನಿನಗೆ ಕೊಟ್ರೆ ನಾಳೆ ಲೈನೆಲ್ಲ ಬಂದು ನಿಲ್ಲುತ್ತೆ ಗಿಡ್ಡಮ್ಮ.”

“ಯಾರಿಗೂ ತೋರ್ಸಲ್ಲ ಅಮ್ಮಾವ್ರೇ.”

“ಮೀಟರಿಗೆ ತೋರುತ್ತಲ್ಲ! ಮಂಚದ ಕೆಳಗೆ ಒಂದು ಬಾಂಡ್ಲಿ ಕೆಂಡ ಇಡು. ನಮ್ಮ ಅಜ್ಜಿಯರಿಗೆಲ್ಲ ಯಾವ ಕಾಯಿಲ್ ಇತ್ತು? ಮನೆ ಈಗ ಭದ್ರ ಆಗಿದೆ, ಶಾಖ ಹೊರಗೆ ಹೋಗಲ್ಲ.”

ಆ ಮಾತು ಬಾಯಿಂದ ಹೊರಬಿದ್ದಾಗ ಇಂಜಿನಿಯರ್ ಹೇಳಿದ್ದು ಅವಳ ತಲೆಯಲ್ಲಿ ಒಮ್ಮೆ ಹಾದುಹೋಯಿತು. ಸ್ಟವ್ ಮೇಲಿನ ಹಾಲು ಉಕ್ಕುತ್ತಿತ್ತು. ಅವಳು ಅತ್ತ ತಿರುಗಿದಳು.

ತಪಾಸಣೆಯ ದಿನ ಬೆಳಿಗ್ಗೆ ಗಿಡ್ಡಮ್ಮ ಬೇಗನೆ ಸೊಸೆಗೆ ನೀರು ಹಾಕಿ, ತಲೆಗೆ ಬಟ್ಟೆ ಕಟ್ಟಿ, ಕಂಬಳಿ ಹೊದಿಸಿ ಮಲಗಿಸಿದಳು. ಮಂಚದಡಿ ಕೆಂಡದ ಬಾಂಡ್ಲಿ ಇಟ್ಟು, ಗಾಳಿ ತಾಗದಂತೆ ಬಾಗಿಲು ಎಳೆದುಕೊಂಡು ಬಂಗಲೆಗೆ ಬಂದಳು. ಮಗುವನ್ನು ಪಕ್ಕದ ಮನೆಯವಳು ಎಳೆಬಿಸಿಲಿಗೆ ಹಿಡಿಯಲು ಕಣಕ್ಕೆ ಎತ್ತಿಕೊಂಡು ಹೋಗಿದ್ದಳು.

ಬಂದವರು ಇಬ್ಬರು, ಒಬ್ಬ ಹೆಂಗಸು ಮತ್ತು ಕ್ಯಾಮೆರಾ ಹಿಡಿದ ಒಬ್ಬ ಹುಡುಗ. ಕಡುಬು, ಕಾಯಿಚಟ್ನಿ, ಎರಡೆರಡು ಸಲ ಕಾಫಿ. ಗಿಡ್ಡಮ್ಮ ಕಡುಬಿನ ಪಾತ್ರೆ ಇಳಿಸಿ, ನಾಗಶ್ರೀಯ ಹತ್ತಿರ ಬಂದು ಪಿಸುಗುಟ್ಟಿದಳು.

“ಒಂದ್ಗಳಿಗೆ ಮನೆ ಹತ್ರ ಹೋಗ್ಬರ್ಲಾ? ಹುಡುಗಿಗೆ ಏನೂ ಕುಡಿಯಕ್ಕೆ ಕೊಟ್ಟಿಲ್ಲ.”

“ಈಗಲಾ? ಅವ್ರು ಹೊರಟ ಮೇಲೆ ಹೋಗು. ರೊಟ್ಟಿ ಯಾರು ತಟ್ತಾರೆ?”

ತಿಂಡಿಯಾದ ಮೇಲೆ ನಾಗಶ್ರೀಯೇ ಅತಿಥಿಗಳನ್ನು ಲೈನಿಗೆ ಕರೆದೊಯ್ದಳು. ಹೊಸ ಬಣ್ಣದ ಗೋಡೆಗಳು ಬಿಸಿಲಿಗೆ ಚೆನ್ನಾಗಿ ಕಾಣುತ್ತಿದ್ದವು. ಗಿಡ್ಡಮ್ಮನ ಮನೆಯ ಮುಂದೆ ನಿಂತು ಹೆಂಗಸು ಒಳಗೆ ನೋಡಬಹುದೇ ಎಂದು ಕೇಳಿದಳು.

“ಒಳಗೆ ಬಾಣಂತಿ ಮಲಗಿದ್ದಾಳೆ,” ಎಂದು ನಾಗಶ್ರೀ ದನಿ ತಗ್ಗಿಸಿದಳು. “ಬಾಗಿಲಿಗೆ ಕೈ ಇಟ್ಟು ನೋಡಿ. ಎಷ್ಟು ಬೆಚ್ಚಗಿದೆ!”

ಹೆಂಗಸು ಅಂಗೈ ಒತ್ತಿ ನೋಡಿ ಮೆಚ್ಚಿಕೊಂಡಳು. ಹುಡುಗ ಮುಚ್ಚಿದ ಬಾಗಿಲ ಮುಂದೆ ಇಬ್ಬರನ್ನೂ ನಿಲ್ಲಿಸಿ ಫೋಟೊ ತೆಗೆದ. ಕಣದ ಕಡೆಯಿಂದ ಮಗು ಅಳುವುದು ಕೇಳುತ್ತಿತ್ತು.

ಅವರ ಕಾರು ಗೇಟು ದಾಟಿದ್ದೇ ತಡ ಗಿಡ್ಡಮ್ಮ ಕೈ ಕೂಡ ಒರೆಸಿಕೊಳ್ಳದೆ ಓಡಿದಳು. ಸೊಸೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೆನ್ನೆ ಕೆಂಪಗಿತ್ತು, ತುಟಿಯಲ್ಲೂ ಬಣ್ಣ. ನಿದ್ದೆ ಚೆನ್ನಾಗಿ ಹತ್ತಿದೆ, ಮೈಯಲ್ಲಿ ರಕ್ತ ಊರುತ್ತಿದೆ ಎಂದು ಗಿಡ್ಡಮ್ಮನಿಗೆ ಖುಷಿಯೇ ಆಯಿತು. ಎಬ್ಬಿಸಲು ಮನಸ್ಸಾಗದೆ ಗಂಜಿ ಬಿಸಿ ಮಾಡಿ ತಂದು, ಆಮೇಲೆ ಭುಜ ಮುಟ್ಟಿದಳು.

ಅವಳ ಕೂಗು ಬಂಗಲೆಯವರೆಗೂ ಕೇಳಿತು.

ನಾಗಶ್ರೀ ಹೋಗಿ ನೋಡಿದಳು. ಆ ಕೆಂಪು ಕೆನ್ನೆಯನ್ನೂ ಮಂಚದಡಿಯ ಬಾಂಡ್ಲಿಯನ್ನೂ ಕಂಡ ಕೂಡಲೇ ಅವಳಿಗೆ ಎಲ್ಲ ಗೊತ್ತಾಯಿತು. ಬಾಗಿಲು ತೆರೆದೇ ಇದ್ದರೂ ಒಳಗೆ ಕಾಲಿಡಲಿಲ್ಲ. ಗಿಡ್ಡಮ್ಮ ನೆಲಕ್ಕೆ ಹಣೆ ಜಜ್ಜಿಕೊಳ್ಳುತ್ತಿದ್ದಳು. ಮಲ್ಲೇಶ ಟೆಂಪೊವನ್ನು ಕಣದಲ್ಲೇ ಬಿಟ್ಟು ಓಡಿಬಂದಿದ್ದ.

“ಏನಾಯ್ತವ್ವ? ಏನ್ಮಾಡ್ದೆ ನೀನು?”

“ಚಳಿ ಅಂದ್ಲು ಕಣೋ, ಕೆಂಡ ಇಟ್ಟೆ...”

ಲೈನಿನವರೆಲ್ಲ ಸೇರಿದ್ದರು. ಒಂದಿಬ್ಬರು ನಾಗಶ್ರೀಯತ್ತ ನೋಡುತ್ತಿದ್ದರು, ಬೇರೇನೂ ಮನಸ್ಸಿನಲ್ಲಿಟ್ಟುಕೊಂಡಲ್ಲ, ದೊಡ್ಡವರು ಏನಾದರೂ ಹೇಳಲಿ ಎಂದು. ನಾಗಶ್ರೀಗೆ ತನ್ನ ದನಿ ತನಗೇ ಕೇಳಿಸಿತು, ಸಿಟ್ಟಿನ ದನಿ.

“ಕೆಂಡ ಒಳಗಿಡಬೇಡ ಅಂತ ನಿನಗೆ ಹೇಳಿರಲಿಲ್ವಾ ಗಿಡ್ಡಮ್ಮ?”

ಗಿಡ್ಡಮ್ಮ ತಲೆ ಎತ್ತಿದಳು. ಹಣೆಯಿಂದ ರಕ್ತ ಹುಬ್ಬಿಗಿಳಿದಿತ್ತು. ಅಮ್ಮಾವ್ರು ಸುಳ್ಳು ಹೇಳಿಯಾರು ಎಂಬ ಯೋಚನೆ ಆ ಮುಖದಲ್ಲಿ ಎಲ್ಲಿಯೂ ಇರಲಿಲ್ಲ. ಅವಳು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದಳು.

“ಹೇಳಿದ್ರಾ ಅಮ್ಮಾವ್ರೇ?” ಎಂದಳು. “ಹೇಳಿದ್ರೇನೋ. ನನ್ನ ಮಂಡೆಗೆ ಹೋಗ್ಲಿಲ್ಲ. ಅಯ್ಯೋ, ಹೇಳಿದ್ರೂ ಇಟ್ನಲ್ಲ!”

ಮಲ್ಲೇಶ ಎಲ್ಲರೆದುರೇ ತಾಯಿಯ ಕೆನ್ನೆಗೆ ಹೊಡೆದ. ಯಾರೂ ತಡೆಯಲಿಲ್ಲ. ನಾಗಶ್ರೀ ಸೆರಗು ಸರಿಮಾಡಿಕೊಂಡು ಬಂಗಲೆಯ ದಾರಿ ಹಿಡಿದಳು.

ಮುಂದಿನ ಪೊಲೀಸು, ಕಾಗದಪತ್ರವನ್ನೆಲ್ಲ ವಿಶ್ವನಾಥ ನೋಡಿಕೊಂಡ. ಕೆಂಡದಿಂದ ಉಸಿರು ಕಟ್ಟಿ ಸತ್ತದ್ದೆಂದಾಯಿತು, ಮನೆಯವರದೇ ಅಜಾಗರೂಕತೆ ಎಂದಾಯಿತು. ಎಲ್ಲ ಮುಗಿದ ಸಂಜೆ ಅವನು ಹೆಂಡತಿಯನ್ನು ಒಂದೇ ಮಾತು ಕೇಳಿದ.

“ಲೈನಿಗೆ ಕೊಳವೆ ಹಾಕಿಸಿದ್ಯಾ?”

“ಅವ್ರೇ ಬೇಡ ಅಂದ್ರು, ಚಳಿ ನುಗ್ಗುತ್ತೆ ಅಂತ.”

ವಿಶ್ವನಾಥ ಬೆಂಕಿಗೂಡಿಗೆ ಇನ್ನೊಂದು ಕೊರಡು ಹಾಕಿದ. ಆಮೇಲೆ ಆ ಮಾತು ಎತ್ತಲಿಲ್ಲ.

ಮಗುವನ್ನು ಕಳಸದಲ್ಲಿದ್ದ ಸುಗುಣಳ ಅಕ್ಕ ಬಂದು ಎತ್ತಿಕೊಂಡು ಹೋದಳು. ಅವಳ ಜೊತೆಗೇ ಮಲ್ಲೇಶನೂ ಕೆಲಸ ಬಿಟ್ಟು ಹೊರಟ. ಹೋಗುವಾಗ ಮೊಮ್ಮಗಳನ್ನು ಒಂದು ಸಲ ಎತ್ತಿಕೊಳ್ಳುತ್ತೇನೆಂದು ಗಿಡ್ಡಮ್ಮ ಕೈ ಚಾಚಿದರೆ, “ಮುಟ್ಬೇಡ ಅದನ್ನ. ಒಬ್ಳನ್ನ ನುಂಗಿದ್ದು ಸಾಲ್ದಾ?” ಎಂದು ಮಗ ಬಾಗಿಲಿಗೆ ಅಡ್ಡ ನಿಂತ. ಇದನ್ನು ಗಿಡ್ಡಮ್ಮನೇ ಬಂಗಲೆಯ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತ ಹೇಳಿದಳು.

“ಅವ್ನು ಅಂದಿದ್ರಲ್ಲಿ ಏನು ತಪ್ಪಿದೆ ಅಮ್ಮಾವ್ರೇ? ನೀವು ಬೇಡ ಅಂದ್ರೂ ಇಟ್ಟೋಳು ನಾನು.”

ನಾಗಶ್ರೀ ಆಗ ನಿಜ ಹೇಳಬಹುದಿತ್ತು. ಅಡಿಗೆಮನೆಯಲ್ಲಿ ಇಬ್ಬರೇ ಇದ್ದರು. ಆದರೆ ಹೇಳಿದ ಮೇಲೆ ಈ ಹೆಂಗಸಿನ ಮುಖ ಹೇಗಾಗುತ್ತದೆ ಎಂದು ನೆನೆದಾಗ ಅವಳಿಗೆ ಭಯವಾಯಿತು. ಆ ಭಯ ಬಲುಬೇಗ ಒಂದು ಬಗೆಯ ಸಿಡುಕಾಗಿ ತಿರುಗಿತು.

“ಆಗಿದ್ದು ಆಯ್ತು. ಎಷ್ಟು ದಿನ ಅದನ್ನೇ ಹೇಳ್ತೀಯ? ರೊಟ್ಟಿ ಸೀಯುತ್ತೆ ನೋಡು,” ಎಂದಳು.

ಫಲಕ ಬಂದ ವಾರದಲ್ಲೇ ಅವಳು ಲೈನಿನ ಮನೆಗಳಿಗೆಲ್ಲ ಕೊಳವೆ ಹಾಕಿಸಲು ಹೊರಟಳು. ಮಂಜಯ್ಯ ಶೆಡ್ಡಿನಿಂದ ಅವನ್ನು ಹೊರಿಸಿಕೊಂಡು ಬಂದ. ತನ್ನ ಮನೆಯ ಸರದಿ ಬಂದಾಗ ಗಿಡ್ಡಮ್ಮ ಹೊರಗೆ ನಿಂತು, ಶೀಟಿನ ಕೆಳಗೆ ಗೋಡೆ ಒಡೆಯುವುದನ್ನು ನೋಡುತ್ತಿದ್ದಳು. ಸಿಮೆಂಟಿನ ಚೂರುಗಳು ಉದುರಿದವು. ಒಳಗಿನ ಕತ್ತಲೆಗೆ ಅಂಗೈಯಗಲ ಬೆಳಕು ಬಿತ್ತು.

“ಈ ತೂತು ಯಾಕೆ ಅಮ್ಮಾವ್ರೇ?”

“ಗಾಳಿ ಆಡ್ಲಿ ಅಂತ.”

ಗಿಡ್ಡಮ್ಮ ಬಹಳ ಹೊತ್ತು ಆ ತೂತನ್ನೇ ನೋಡಿದಳು. ಆಮೇಲೆ ನಿಧಾನವಾಗಿ, ಮಗುವಿಗೆ ಲೆಕ್ಕ ಹೇಳಿಕೊಡುವವಳ ಹಾಗೆ, “ಮೊದ್ಲು ಆಡ್ತಿತ್ತು,” ಎಂದಳು. ನಾಗಶ್ರೀಯ ಕಡೆಗೆ ತಿರುಗಿದಳು. ಏನೋ ಕೇಳಲು ಬಾಯಿ ತೆರೆದಳು.

“ನಿಂತ್ಕೊಂಡು ಏನು ನೋಡ್ತಿದೀಯ?” ಎಂದಳು ನಾಗಶ್ರೀ. “ಏಣಿ ಹಿಡ್ಕೋ ಹೋಗು. ಮಂಜಯ್ಯ ಬಿದ್ದುಬಿಟ್ಟಾನು.”

ಗಿಡ್ಡಮ್ಮ ಹೋಗಿ ಏಣಿಯನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡಳು. ಮೇಲಿನಿಂದ ಉದುರುವ ಪುಡಿ ಅವಳ ತಲೆಯ ಮೇಲೆ ಬೀಳುತ್ತಲೇ ಇತ್ತು.