ಏಳು ನಿಮಿಷದ ಕೆರೆ

ನವಲಗುಂದ ಕಡೆಯ ನಮ್ಮೂರಿನಲ್ಲಿ ಬೋರಿನ ನೀರು ಉಪ್ಪು. ಕುಡಿಯಲು ಕೆರೆಯೊಂದೇ. ಅದರ ಮೆಟ್ಟಿಲನ್ನು ನಮ್ಮ ಕೇರಿಯವರು ಇಳಿಯುವಂತಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು ನಿಲ್ಲಬೇಕು. ಊರವರಲ್ಲಿ ಯಾರಿಗಾದರೂ ಮನಸ್ಸು ಬಂದಾಗ ತಂದು ಮೇಲಿಂದ ಸುರಿಯುತ್ತಾರೆ. ಹೋದ ತಿಂಗಳು ನನ್ನ ಮಗಳು ಮಹಾಲಕ್ಷ್ಮಿ, ಹತ್ತನೇ ತರಗತಿ ಓದುವವಳು, ಶಾಲೆಗೆ ಹೊತ್ತಾಯಿತೆಂದು ತಾನೇ ಇಳಿದು ತುಂಬಿಕೊಂಡಳು. ಊರವರು ಕೊಡ ಕಸಿದು ಒದ್ದರು. ಜಗಳ ಪೊಲೀಸರ ತನಕ ಹೋಯಿತು.

ಆಮೇಲೆ ಹುಬ್ಬಳ್ಳಿಯಿಂದ ಒಂದು ಸಂಸ್ಥೆಯ ಮೈತ್ರೇಯಿ ಬಂದಳು. "ಮರೆವ್ವಾರ, ನಿಮ್ಮ ಕಷ್ಟ ಊರವರಿಗೆ ಕಣ್ಣಾರೆ ಕಾಣಬೇಕ್ರಿ" ಎಂದು, ಸಿಂಬಿ ಇಡುವ ನನ್ನ ತಲೆಗೆ ಕ್ಯಾಮೆರಾ ಕಟ್ಟಿ ಕೆರೆಗೆ ಕಳಿಸಿದಳು. ಅವತ್ತು ಮೂರು ತಾಸು ನಿಂತೆ. ಹತ್ತಿ ಬಿಡಿಸುವ ಕೆಲಸ ತಪ್ಪಿತು. ಆ ಮೂರು ತಾಸು ಏಳು ನಿಮಿಷವಾಗಿ ಒಂದು ದಪ್ಪ ಕನ್ನಡಕದೊಳಗೆ ಹೋಗಿ ಕೂತಿತು. ಅದನ್ನು ಹಾಕಿಕೊಂಡವರಿಗೆ ಸುತ್ತಲೂ ನಾನು ಕಂಡದ್ದೇ ಕಂಡು, ಅವರು ನಾನಾಗುತ್ತಾರಂತೆ.

ಪಂಚಾಯ್ತಿ ಮುಂದೆ ಊರು ಸೇರಿತ್ತು. ಮೊದಲು ಹಾಕಿಕೊಂಡವರು ಚನಬಸನಗೌಡರು. ನಮ್ಮೂರಲ್ಲಿ ಅವರು ಹೂಂ ಎಂದರೆ ಹೂಂ. ಸ್ವಲ್ಪ ಹೊತ್ತಿಗೆ ಎರಡೂ ಕೈ ಮುಂದೆ ಚಾಚಿದರು.

"ಬಿಸಲಾಗ ನಿಂತೀನಿ, ಯಾರರ ನೀರ ಹಾಕ್ರಲೇ!"

ಮಹಾಲಕ್ಷ್ಮಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಯವ್ವಾ, ನೀ ಆದಮ್ಯಾಲೂ 'ಲೇ' ಅನ್ನೂದ ಬಿಟ್ಟಿಲ್ಲ ನೋಡ."

ಕನ್ನಡಕ ತೆಗೆದಾಗ ಗೌಡರ ಕಣ್ಣು ಒದ್ದೆಯಾಗಿತ್ತು. "ಏಳು ನಿಮಿಷಕ್ಕ ಮೊಣಕಾಲ ಹಿಡದ್ವು. ತಪ್ಪಾತು ಮರೆವ್ವ. ಇನ್ನ ಮ್ಯಾಲೆ ನಿಮ್ಮನ್ನ ನಿಲ್ಲಸೂದಿಲ್ಲ."

ನನ್ನ ಎದೆ ಹಗುರಾಯಿತು. "ಹಂಗಾದ್ರ ನಾಳಿಂದ ನಾವ ಇಳದು ತುಂಬಕೊಳ್ಳೂದ್ರಿ?"

"ಇಳಿಯೂದ್ಯಾಕ? ನಿಮ್ಮ ಸಲುವಾಗಿನ ಒಬ್ಬಾಂವನ್ನ ಇಡ್ತೀವಿ. ಬಂದ ಕೂಡ್ಲೆ ನೀರ ಹಾಕ್ತಾನ. ಒಂದ ನಿಮಿಷ ಕಾಯೂ ಹಂಗಿಲ್ಲ!"

ಚಪ್ಪಾಳೆ ಬಿತ್ತು. ಮೈತ್ರೇಯಿಯೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು.

ನಾನು ಎದ್ದು ಮಗಳಿಗೆ ಅಂದೆ: "ಕೊಡ ತಗೊಳವ್ವಾ."

ಇಬ್ಬರೂ ಕೆರೆಗೆ ನಡೆದೆವು. ಊರು ಹಿಂದೆ ಬಂತು. ನಲವತ್ತು ವರ್ಷ ದಂಡೆಯಿಂದ ನೋಡಿದ ಮೆಟ್ಟಿಲ ಮೇಲೆ ಕಾಲಿಟ್ಟೆ.

"ಹುಷಾರಿ ಯವ್ವಾ, ಮೂರನೇದ್ದು ಜಾರತೈತಿ" ಎಂದಳು ಮಗಳು. ಅವಳಿಗೆ ಗೊತ್ತಿತ್ತು.

ಮೇಲಿಂದ ಗೌಡರು ಕೂಗಿದರು: "ಏನಿದು ಮರೆವ್ವ? ಈಗ ಅತ್ತೀನಲ್ಲ ನಿನ್ನ ಸಲುವಾಗಿ!"

"ಹೌದ್ರಿ, ಅತ್ತೀರಿ. ನಾ ನೀರಿಗೆ ಬಂದೀನ್ರಿ."

ಕೊಡ ಮುಳುಗಿಸಿದೆ. ಗುಡುಗುಡು ಸದ್ದು ಮಾಡುತ್ತ ತುಂಬಿತು.

"ತಡೀರಿ, ಕ್ಯಾಮೆರಾ ತರ್ತೀನಿ!" ಮೈತ್ರೇಯಿ ಓಡತೊಡಗಿದಳು.

"ಬ್ಯಾಡ್ರಿ ಬಾಯಾರ. ಇದನ್ನ ಅವರು ಬರೇ ಕಣ್ಣಿಲೆ ನೋಡ್ಲಿ."

ಹತ್ತಿ ಬಂದರೆ ಮೇಲಿನ ಮೆಟ್ಟಿಲಿಗೆ ಅಡ್ಡ ಗೌಡರು.

"ತುಂಬಿದ ಕೊಡ ಐತ್ರಿ. ಬಾಜು ಸರೀರಿ."

ಸರಿಯಲಿಲ್ಲ. ಸೊಂಟದ ಮೇಲೆ ಕೊಡ ತುಳುಕಿ ಸೀರೆ ತೊಯ್ಯಿತು.

ಹಿಂದಿನಿಂದ ಮಹಾಲಕ್ಷ್ಮಿ ಅಂದಳು: "ನಿಂದರ್ರಿ ಗೌಡ್ರ, ಅವಸರಿಲ್ಲ. ನಮಗ ಮೂರ ತಾಸಿನ ರೂಢಿ ಐತಿ."

ನಾವು ಅಲ್ಲೇ ನಿಂತೆವು, ಮೆಟ್ಟಿಲ ಮೇಲೆ. ಬಿಸಿಲು ಏರಿತು. ಮೊದಲು ಸರಿದದ್ದು ಗೌಡರ ಕಾಲು.